ಬಂಗುಡೆಯೋ ಅಂಜಲೋ ಬೂತಾಯಿಯೋ: ಕೊಡಗಿನ ಅಡುಗೆಮನೆಗೆ ಕಡಲ ಮೀನು ಆರಿಸುವ ಲೆಕ್ಕ

ಮೊನ್ನೆ ಭಾನುವಾರ ಗೋಣಿಕೊಪ್ಪದಲ್ಲಿ ಒಂದೇ ಅಂಗಡಿಯಲ್ಲಿ ಎರಡು ಬುಟ್ಟಿ ಬಂಗುಡೆ ಇತ್ತು. ಒಂದರಲ್ಲಿ ಕೆಜಿಗೆ ಹನ್ನೊಂದು ಬರುವಂಥದ್ದು, ಇನ್ನೊಂದರಲ್ಲಿ ಆರು ಬರುವಂಥದ್ದು. ದೊಡ್ಡದಕ್ಕೆ ಕೆಜಿಗೆ 60 ರೂಪಾಯಿ ಜಾಸ್ತಿ. ಪಕ್ಕದಲ್ಲಿ ನಿಂತಿದ್ದ ಅಕ್ಕ, "ಎಲ್ಲಾ ಬಂಗುಡೆಯೇ ಅಲ್ವಾ, ಸುಮ್ನೆ ಯಾಕೆ ಜಾಸ್ತಿ ದುಡ್ಡು" ಅಂತ ಸಣ್ಣದು ತಗೊಂಡು ಹೋದರು. ನಾನು ಎರಡರಲ್ಲೂ ಒಂದೊಂದು ಕೆಜಿ ತಂದೆ. ಈ ಲೆಕ್ಕವನ್ನು ಒಮ್ಮೆ ಕೂತು ಸರಿಯಾಗಿ ಮಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಮನೆಗೆ ಬಂದು ಹೊಲಿಗೆ ಟೇಪು ಹಿಡಿದು ಅಳೆದೆ. ಸಣ್ಣದು ಮೂತಿಯಿಂದ ಬಾಲದ ತುದಿಯವರೆಗೆ 20 ಸೆಂ.ಮೀ., ದೊಡ್ಡದು 25 ಸೆಂ.ಮೀ. ಬರೀ 5 ಸೆಂ.ಮೀ. ವ್ಯತ್ಯಾಸ, ಎರಡೂವರೆ ಬೆರಳಿನ ಅಗಲ. ತೂಕ ನೋಡಿದರೆ ಸಣ್ಣದು 90 ಗ್ರಾಂ, ದೊಡ್ಡದು 170 ಗ್ರಾಂ. ಹತ್ತಿರ ಹತ್ತಿರ ಎರಡರಷ್ಟು!

ಇದರಲ್ಲಿ ಮಾಯ ಏನಿಲ್ಲ. ಮೀನು ಉದ್ದ ಬೆಳೆಯುವಾಗ ಅಗಲವೂ ದಪ್ಪವೂ ಜೊತೆಗೇ ಬೆಳೆಯುತ್ತದೆ. ಹಾಗಾಗಿ ಉದ್ದ ಕಾಲು ಪಾಲು ಜಾಸ್ತಿಯಾದರೆ ತೂಕ 1.25 ಅನ್ನು ಮೂರು ಸಲ ಗುಣಿಸಿದಷ್ಟು ಆಗುತ್ತದೆ, ಅಂದರೆ 1.95 ಪಟ್ಟು. ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟು. ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರಿಗೆ ಇದು ಮೊದಲ ಪಾಠ. ನಮ್ಮಂಥ ಕೊಳ್ಳುವವರಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಆಮೇಲೆ ತಲೆ, ಕರುಳು, ಕಿವಿರು ತೆಗೆದು ಮತ್ತೆ ತೂಗಿದೆ. ಸಣ್ಣ ಬಂಗುಡೆ ಒಂದು ಕೆಜಿಯಲ್ಲಿ ಉಳಿದದ್ದು 600 ಗ್ರಾಂಗಿಂತ ಸ್ವಲ್ಪ ಕಡಿಮೆ, ದೊಡ್ಡದರಲ್ಲಿ 640. ಬೇಯಿಸಿ ಮುಳ್ಳು ಬಿಟ್ಟು ಲೆಕ್ಕ ಹಾಕಿದರೆ ವ್ಯತ್ಯಾಸ ಇನ್ನೂ ಸ್ವಲ್ಪ ಜಾಸ್ತಿ. ಹನ್ನೊಂದು ತಲೆಗೆ ದುಡ್ಡು ಕೊಡುವುದಕ್ಕೂ ಆರು ತಲೆಗೆ ಕೊಡುವುದಕ್ಕೂ ಇರುವ ವ್ಯತ್ಯಾಸ ಅದು. ಆದರೆ 60 ರೂಪಾಯಿ ಜಾಸ್ತಿ ಕೊಡುವಷ್ಟಲ್ಲ. ಅವತ್ತಿನ ಮಟ್ಟಿಗೆ ಆ ಅಕ್ಕನ ಆಯ್ಕೆಯೇ ಸರಿ ಇತ್ತು. 20 ರೂಪಾಯಿ ವ್ಯತ್ಯಾಸ ಆಗಿದ್ದರೆ ದೊಡ್ಡದೇ ಲಾಭ.

ಇಂಥ ಲೆಕ್ಕ ನಮಗೆ ಬೇಕು. ಕಡಲ ತೀರದವರಿಗೆ ಮೀನು ದಿನಾ ಕಣ್ಣೆದುರು ಬೀಳುತ್ತದೆ, ಅವರ ಕೈಗೇ ಗೊತ್ತು. ನಮಗೆ ಅದು ಘಟ್ಟ ಹತ್ತಿ ಬರಬೇಕು. ಒಂದು ದಾರಿ ಮಂಗಳೂರಿನ ಮೀನು ಇಳಿಸುವ ಧಕ್ಕೆಯಿಂದ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ, ಸುಮಾರು 140 ಕಿ.ಮೀ. ಇನ್ನೊಂದು ಕಣ್ಣೂರು, ತಲಶ್ಶೇರಿ ಕಡೆಯಿಂದ ಇರಿಟ್ಟಿ, ಮಾಕುಟ್ಟ, ಪೆರುಂಬಾಡಿ ಮೇಲೆ ವಿರಾಜಪೇಟೆಗೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದಾಗ ಮಡಿಕೇರಿಯವರಿಗೆ ಗೊತ್ತಾಯಿತು, ನಮ್ಮ ತಟ್ಟೆಗೆ ಬರುವ ಮೀನು ಎಷ್ಟು ಸಪೂರ ದಾರಿಯ ಮೇಲೆ ನಿಂತಿದೆ ಅಂತ.

ಎರಡು ದಾರಿ ಇರುವುದರಿಂದ ಹೆಸರೂ ಎರಡೆರಡು, ಒಂದು ಮಂಗಳೂರಿನದು, ಇನ್ನೊಂದು ಕೇರಳದ್ದು. ಮಡಿಕೇರಿ ಕಡೆ ಬೂತಾಯಿ ಅಂದರೆ ವಿರಾಜಪೇಟೆಯಲ್ಲಿ ಮತ್ತಿ. ಬಂಗುಡೆಗೆ ಅಲ್ಲಿ ಅಯಲ. ಅಂಜಲ್‌ಗೆ ಅಯಕೂರ, ಮಾಂಜಿಗೆ (ಪಾಂಫ್ರೆಟ್) ಆವೋಲಿ, ಕೊಲ್ಲತರುವಿಗೆ ನತ್ತೋಲಿ. ಮೀನು ಅದೇ. ಹೆಸರು ಬೇರೆ ಅಂತ ಬೇರೆ ಮೀನು ಅಂದುಕೊಂಡು ಜಾಸ್ತಿ ಕೊಟ್ಟವರನ್ನು ನಾನು ನೋಡಿದ್ದೇನೆ.

ಬಂಗುಡೆ ಮತ್ತು ಬೂತಾಯಿ

ನಮ್ಮಲ್ಲಿ ಬಹುಪಾಲು ಮನೆಗಳಿಗೆ ನಿಜವಾದ ಆಯ್ಕೆ ಈ ಎರಡರ ನಡುವೆಯೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಂಗುಡೆ ಸಾಮಾನ್ಯವಾಗಿ 18ರಿಂದ 25 ಸೆಂ.ಮೀ. ಇರುತ್ತದೆ. 30 ದಾಟಿದ್ದು ಅಪರೂಪ. ಬೂತಾಯಿ 14ರಿಂದ 18 ಸೆಂ.ಮೀ., ಒಂದರ ತೂಕ 30ರಿಂದ 50 ಗ್ರಾಂ, ಕೆಜಿಗೆ ಇಪ್ಪತ್ತರಿಂದ ಮೂವತ್ತು. ಟೇಪು ಬೇಡ, ನಿಮ್ಮ ಗೇಣು ಎಷ್ಟು ಅಂತ ಒಮ್ಮೆ ಅಳೆದು ಇಟ್ಟುಕೊಳ್ಳಿ. ನನ್ನದು 19 ಸೆಂ.ಮೀ. ಬಂಗುಡೆ ನನ್ನ ಗೇಣು ದಾಟಬೇಕು, ಬೂತಾಯಿ ಗೇಣಿಗೆ ಎರಡು ಬೆರಳು ಕಮ್ಮಿ ಇದ್ದರೂ ಸಾಕು.

ಉದ್ದಕ್ಕಿಂತ ಮುಖ್ಯ ಮೈ. ಬಂಗುಡೆಯ ಬೆನ್ನಿಂದ ಹೊಟ್ಟೆಯವರೆಗಿನ ಅಗಲ ಅದರ ಉದ್ದದ ನಾಲ್ಕನೇ ಒಂದು ಪಾಲಿನಿಂದ ಐದನೇ ಒಂದು ಪಾಲಿನ ನಡುವೆ ಇರುತ್ತದೆ. 25 ಸೆಂ.ಮೀ. ಮೀನಿಗೆ ಮೂರು ಬೆರಳು ಅಗಲ ಸಿಗಬೇಕು. ಎರಡೇ ಬೆರಳು ಸಿಕ್ಕಿ, ತಲೆ ದೊಡ್ಡದಾಗಿ ಮೈ ಸಣಕಲಾಗಿ ಕಂಡರೆ ಅದು ಮೊಟ್ಟೆ ಇಟ್ಟು ಸೊರಗಿದ ಮೀನು, ಇಲ್ಲಾ ಮೇವು ಸಿಗದ ಮೀನು. ಅದರಲ್ಲಿ ಪ್ರೋಟೀನ್ ಇರುತ್ತದೆ, ಕೊಬ್ಬು ಇರುವುದಿಲ್ಲ. ರುಚಿ ಕೂಡ ಕೊಬ್ಬಿನ ಜೊತೆಗೇ ಹೋಗಿರುತ್ತದೆ.

ಪ್ರೋಟೀನ್ ವಿಷಯಕ್ಕೆ ಬಂದರೆ ಇವೆರಡರ ನಡುವೆ ಜಗಳವೇ ಇಲ್ಲ. 100 ಗ್ರಾಂ ಹಸಿ ಮಾಂಸದಲ್ಲಿ ಬಂಗುಡೆಗೆ 19ರಿಂದ 21 ಗ್ರಾಂ, ಬೂತಾಯಿಗೆ 18ರಿಂದ 20 ಗ್ರಾಂ. ಕಡಲ ಮೀನು ಯಾವುದೇ ತಗೊಳ್ಳಿ, ಹೆಚ್ಚು ಕಡಿಮೆ ಇಷ್ಟೇ. ಬದಲಾಗುವುದು ಕೊಬ್ಬು. ಕೊಬ್ಬು ಏರಿದರೆ ನೀರು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಸುಮಾರು 80 ಗ್ರಾಂ. ಹಾಗಾಗಿ ಸೊರಗಿದ ಬೂತಾಯಿಗೆ ದುಡ್ಡು ಕೊಟ್ಟರೆ ಕೊಬ್ಬಿನ ಜಾಗದಲ್ಲಿ ನೀರಿಗೆ ದುಡ್ಡು ಕೊಟ್ಟ ಹಾಗೆ.

ಬೂತಾಯಿಯ ಕೊಬ್ಬು ವರ್ಷದುದ್ದಕ್ಕೂ ಒಂದೇ ಥರ ಇರುವುದಿಲ್ಲ. ಮಳೆಗಾಲದಲ್ಲಿ ಅದು ಮೊಟ್ಟೆ ಇಡುತ್ತದೆ. ಆ ಹೊತ್ತಿನಲ್ಲಿ ಮೈಯ ಕೊಬ್ಬೆಲ್ಲ ಅದಕ್ಕೇ ಖರ್ಚು. ಆಮೇಲೆ ಕಡಲಲ್ಲಿ ಸಣ್ಣ ಪಾಚಿ ತುಂಬುತ್ತದೆ, ಮೀನು ಅದನ್ನು ತಿಂದು ತಿಂದು ಕೊಬ್ಬುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಸಿಗುವ ಬೂತಾಯಿಯನ್ನು ಬರೀ ಬಾಣಲೆಯಲ್ಲಿ ಇಟ್ಟರೂ ಎಣ್ಣೆ ಬಿಡುತ್ತದೆ. ಹಿಂದೆ ಕರಾವಳಿಯವರು ಇದರ ಎಣ್ಣೆ ತೆಗೆದು ದೋಣಿಗೆ ಬಳಿಯುತ್ತಿದ್ದರು, ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರ. ಸೊರಗಿದ ಕಾಲದಲ್ಲಿ 100 ಗ್ರಾಂಗೆ 3 ಗ್ರಾಂ ಕೊಬ್ಬಿದ್ದರೆ ಕೊಬ್ಬಿದ ಕಾಲದಲ್ಲಿ 12, 15 ಗ್ರಾಂವರೆಗೂ ಹೋಗುತ್ತದೆ. ಬಂಗುಡೆಯಲ್ಲಿ ಈ ಏರಿಳಿತ ಅಷ್ಟಿಲ್ಲ, 2ರಿಂದ 8 ಗ್ರಾಂ ಒಳಗೆ.

ಕ್ಯಾಲೊರಿ ನೀವೇ ಲೆಕ್ಕ ಹಾಕಬಹುದು. ಪ್ರೋಟೀನ್ ಒಂದು ಗ್ರಾಂಗೆ 4, ಕೊಬ್ಬು ಒಂದು ಗ್ರಾಂಗೆ 9. ಬಂಗುಡೆಯಲ್ಲಿ 20 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು ಅಂದರೆ 125. ನವೆಂಬರ್‌ನ ಬೂತಾಯಿಯಲ್ಲಿ 19 ಮತ್ತು 12 ಅಂದರೆ 184. ತೂಕ ಇಳಿಸುತ್ತಿರುವವರು ಇದನ್ನು ನೋಡಿ ಹೆದರಬೇಡಿ. ಈ ಕೊಬ್ಬಿನಲ್ಲಿ ಕಾಲು ಭಾಗದ ಹತ್ತಿರ ಇರುವುದು ಒಮೆಗಾ-3 ಅನ್ನುವ ಒಳ್ಳೆ ಕೊಬ್ಬು, ಅದರಲ್ಲಿ ಇ.ಪಿ.ಎ. ಮತ್ತು ಡಿ.ಎಚ್.ಎ. ಅಂತ ಎರಡು ಬಗೆ. ದೊಡ್ಡವರಿಗೆ ದಿನಕ್ಕೆ ಇವೆರಡೂ ಸೇರಿ 250 ಮಿಲಿಗ್ರಾಂ ಬೇಕು ಅನ್ನುತ್ತಾರೆ. ಕೊಬ್ಬಿದ ಬೂತಾಯಿ ನಾಲ್ಕು ತಿಂದರೆ ಒಂದು ವಾರದ ಪಾಲು ಬಂದುಬಿಡುತ್ತದೆ. ಆಸ್ಪತ್ರೆ ಪಕ್ಕದ ಔಷಧಿ ಅಂಗಡಿಯಲ್ಲಿ ಮೀನೆಣ್ಣೆ ಮಾತ್ರೆಗೆ ಎಷ್ಟು ಕೊಡುತ್ತೀರಿ ಅಂತ ಒಮ್ಮೆ ನೋಡಿ.

ಇನ್ನೊಂದು ಮಾತು ನಮ್ಮೂರಿಗೇ ಸಂಬಂಧಪಟ್ಟದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬಿಸಿಲು ಕಾಣುವುದೇ ಕಷ್ಟ. ಬಿಸಿಲಿಲ್ಲದಿದ್ದರೆ ಮೈಗೆ ಡಿ ವಿಟಮಿನ್ ಸಿಗುವುದಿಲ್ಲ. ಊಟದಲ್ಲಿ ಅದು ಸಿಗುವ ಪದಾರ್ಥ ಬಹಳ ಕಡಿಮೆ, ಅದರಲ್ಲಿ ಮೇಲಿನ ಸಾಲಿನಲ್ಲೇ ಇವೆರಡು ಮೀನು ಇವೆ. ಬಿ12 ಕೂಡ ಧಾರಾಳ. ಮತ್ತೆ ಅಯೋಡಿನ್. ಮಳೆ ತೊಳೆಯುವ ಗುಡ್ಡದ ಮಣ್ಣಿನಲ್ಲಿ ಅದು ಕಡಿಮೆ, ಕಡಲ ಮೀನಿನಲ್ಲಿ ಇರುತ್ತದೆ. ಹಾರಂಗಿ ಜಲಾಶಯದ ಕಾಟ್ಲಾ, ಜಿಲೇಬಿ ಮೀನು ನನಗೂ ಇಷ್ಟ, ಪ್ರೋಟೀನ್‌ಗೆ ಏನೂ ಕೊರತೆ ಇಲ್ಲ, ಆದರೆ ಅಯೋಡಿನ್ ಮತ್ತು ಒಮೆಗಾ-3 ವಿಷಯದಲ್ಲಿ ಅವು ಕಡಲ ಮೀನಿಗೆ ಸಾಟಿ ಆಗುವುದಿಲ್ಲ.

ಮುಳ್ಳಿನ ಮಾತು. ಬಂಗುಡೆಯ ನಡುಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ, ಮಕ್ಕಳಿಗೆ ತಿನ್ನಿಸುವುದು ಸುಲಭ. ಬೂತಾಯಿಯ ಮುಳ್ಳು ಸಣ್ಣದು, ಮೆತ್ತಗಿನದು, ಜಾಸ್ತಿ. ಅದಕ್ಕೆ ನಮ್ಮ ಅತ್ತೆ ಮಾಡುವ ಉಪಾಯ ನನಗೆ ಬಹಳ ಹಿಡಿಸಿದೆ. ಮಣ್ಣಿನ ಚಟ್ಟಿಯಲ್ಲಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಸ್ವಲ್ಪ ಮುಂದಾಗಿ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡುತ್ತಾರೆ. ಹುಳಿಗೆ ಮುಳ್ಳು ಕರಗಿದಂತೆ ಮೆತ್ತಗಾಗುತ್ತದೆ, ಮೀನನ್ನು ಹಾಗೇ ಅಗಿದು ನುಂಗಬಹುದು. ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ, 100 ಗ್ರಾಂನಲ್ಲಿ ಒಂದು ದೊಡ್ಡ ಲೋಟ ಹಾಲಿನಷ್ಟು. ಮಾರನೇ ದಿನ ಅಕ್ಕಿ ಒಟ್ಟಿ ಜೊತೆ ಆ ಸಾರಿನ ರುಚಿ ಬೇರೆಯೇ.

ಹಾಗಾದರೆ ಯಾವುದು? ಅಕ್ಟೋಬರ್‌ನಿಂದ ಜನವರಿವರೆಗೆ ಬೂತಾಯಿ. ಉಳಿದ ಕಾಲದಲ್ಲಿ ಬಂಗುಡೆ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ವರ್ಷಪೂರ್ತಿ ಬಂಗುಡೆ. ಇಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಬೂತಾಯಿ ತಗೊಳ್ಳುವಾಗ ಒಂದು ಎಚ್ಚರ. ಅದರ ಹಾಗೇ ಕಾಣುವ ಬೇರೆ ಜಾತಿಗಳು ಇವೆ, ಅವು ಚಪ್ಪಟೆ, ಕೊಬ್ಬು ಕಡಿಮೆ. ಎಣ್ಣೆ ಬೂತಾಯಿಯ ತಲೆ ಉದ್ದ, ಬಾಲ ಬಿಟ್ಟು ಅಳೆದರೆ ಮೈಯ ಮೂರನೇ ಒಂದು ಪಾಲಿನಷ್ಟು. ಮೈ ಉರುಟು. ಕಿವಿರಿನ ಮುಚ್ಚಳದ ಹಿಂದಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಅದು 3,500 ಟನ್‌ಗಿಂತ ಕೆಳಗೆ ಬಿತ್ತು. ಅಂಥ ವರ್ಷಗಳಲ್ಲಿ ಬೂತಾಯಿ ಅಂತ ಬುಟ್ಟಿಯಲ್ಲಿ ಬರುವುದೆಲ್ಲ ಬೂತಾಯಿಯೇ ಆಗಿರಬೇಕಿಲ್ಲ.

ಬೆರಳುದ್ದದ ಮರಿ ಮೀನು ಅಗ್ಗಕ್ಕೆ ಸಿಕ್ಕಿದರೂ ದಯವಿಟ್ಟು ತಗೊಳ್ಳಬೇಡಿ. ಕೇರಳದಲ್ಲಿ ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಒಳಗಿದ್ದರೆ ಹಿಡಿಯಬಾರದು ಅಂತ ಕಾನೂನೇ ಇದೆ. ಒಮ್ಮೆಯೂ ಮೊಟ್ಟೆ ಇಡದ ಮೀನು ಅದು. ಅದನ್ನು ಕೊಳ್ಳುವವರು ಇರುವವರೆಗೆ ಹಿಡಿಯುವವರೂ ಇರುತ್ತಾರೆ. 14 ಸೆಂ.ಮೀ. ಬಂಗುಡೆಯಲ್ಲಿ ಸಿಗುವುದು 30 ಗ್ರಾಂ ಮೀನು. ಅದೇ ಮೀನು 25 ಸೆಂ.ಮೀ. ಆಗುವವರೆಗೆ ಬಿಟ್ಟರೆ ಐದೂವರೆ ಪಟ್ಟು.

ಅಂಜಲ್ ಯಾವಾಗ ಸರಿ

ಮದುವೆ ಮನೆ, ನೆಂಟರು, ಹುತ್ತರಿಗೆ ಬೆಂಗಳೂರಿನಿಂದ ಬಂದ ಮಕ್ಕಳು. ಇಂಥ ಹೊತ್ತಿಗೆ ಅಂಜಲ್ ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ. ಒಂದೇ ನಡುಮುಳ್ಳು, ಉರುಟು ತುಂಡು, ವಾಸನೆ ಕಡಿಮೆ. ಮೀನು ತಿನ್ನಲು ಹೆದರುವವರೂ ತಿನ್ನುತ್ತಾರೆ. ಪ್ರೋಟೀನ್ 20, 21 ಗ್ರಾಂ. ಅಂದರೆ ಬಂಗುಡೆಯಷ್ಟೇ. ಕೊಬ್ಬು 2ರಿಂದ 4 ಗ್ರಾಂ. ಒಮೆಗಾ-3 ಬೂತಾಯಿಯ ಹತ್ತಿರಕ್ಕೂ ಬರುವುದಿಲ್ಲ.

ಅಂಜಲ್ ಒಂದು ಮೀಟರ್ ದಾಟಿ ಬೆಳೆಯುವ ಮೀನು. ಬೇರೆ ಮೀನನ್ನು ತಿಂದು ಬದುಕುತ್ತದೆ. ಇಂಥ ದೊಡ್ಡ ಬೇಟೆ ಮೀನುಗಳ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಸಣ್ಣ ಮೀನಿನದು ದೊಡ್ಡದಕ್ಕೆ, ವರ್ಷ ಕಳೆದಷ್ಟೂ ಜಾಸ್ತಿ. ಅದಕ್ಕೇ ಬಸುರಿಯರಿಗೆ, ಹಾಲುಣಿಸುವವರಿಗೆ, ಸಣ್ಣ ಮಕ್ಕಳಿಗೆ ದೊಡ್ಡ ಅಂಜಲ್ ವಾರ ವಾರ ಕೊಡಬೇಡಿ. ಬಾಣಂತಿಗೆ ಒಳ್ಳೆಯದು ಅಂತ ಜಾಸ್ತಿ ದುಡ್ಡು ಕೊಟ್ಟು ಅಂಜಲ್ ತರುವ ಮನೆಗಳು ನಮ್ಮಲ್ಲಿ ಬಹಳ, ಪ್ರೀತಿಯಿಂದಲೇ ತರುತ್ತಾರೆ, ಆದರೆ ಅವರಿಗೆ ಹೆಚ್ಚು ಉಪಕಾರ ಮಾಡುವುದು ಅರ್ಧ ಬೆಲೆಯೂ ಇಲ್ಲದ ಬಂಗುಡೆ.

ತರುವುದಾದರೆ 2ರಿಂದ 4 ಕೆಜಿ ತೂಕದ ಮೀನಿನ ತುಂಡು ಕೇಳಿ. ಮೈ ಮೇಲೆ ಅಡ್ಡ ಪಟ್ಟೆ ಇದ್ದರೆ ಒಂದು ಜಾತಿ, ಚುಕ್ಕೆ ಇದ್ದರೆ ಇನ್ನೊಂದು. ಎರಡೂ ಅಂಜಲೇ. ಇಡೀ ಮೀನು ಕಣ್ಣೆದುರು ಇಟ್ಟು ಕತ್ತರಿಸಿದ್ದನ್ನೇ ತಗೊಳ್ಳಿ. ಮೊದಲೇ ತುಂಡು ಮಾಡಿಟ್ಟದ್ದರಲ್ಲಿ ಯಾವ ಮೀನು, ಎಷ್ಟು ದಿನದ್ದು, ಯಾವುದೂ ಗೊತ್ತಾಗುವುದಿಲ್ಲ. ಬಾಲದ ಕಡೆ ತುಂಡಿಗಿಂತ ನಡುವಿನ ತುಂಡು ಒಳ್ಳೆಯದು, ಹೊಟ್ಟೆಯ ಪಟ್ಟಿ ಇರುವ ತುಂಡು ಇನ್ನೂ ಒಳ್ಳೆಯದು, ಕೊಬ್ಬೆಲ್ಲ ಇರುವುದು ಅಲ್ಲೇ.

ಮಾಂಜಿ: ಬಿಳಿದು ಬೇರೆ, ಕಪ್ಪು ಬೇರೆ

ಬಿಳಿ ಮಾಂಜಿ ಮತ್ತು ಕಪ್ಪು ಮಾಂಜಿ ಅಣ್ಣ ತಮ್ಮ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಕಪ್ಪು ಮಾಂಜಿ ಬೇರೆಯೇ ಕುಟುಂಬದ ಮೀನು. ಬಾಲದ ಬುಡದಲ್ಲಿ ಎರಡೂ ಪಕ್ಕ ಬೆರಳಾಡಿಸಿ ನೋಡಿ, ಗರಗಸದ ಥರ ಒರಟು ಪೊರೆಯ ಸಾಲು ಸಿಗುತ್ತದೆ. ಬಿಳಿ ಮಾಂಜಿಯಲ್ಲಿ ಅದು ನುಣುಪು. ಎರಡರ ಪ್ರೋಟೀನ್ 17ರಿಂದ 20 ಗ್ರಾಂ ಒಳಗೇ ಇರುತ್ತದೆ. ಬಿಳಿದಕ್ಕೆ ಕೊಡುವ ಬೆಲೆ ಅದರ ಮೆತ್ತಗಿನ ಮಾಂಸಕ್ಕೆ, ಪೌಷ್ಟಿಕಾಂಶಕ್ಕಲ್ಲ.

ಅಳತೆಯಲ್ಲಿ ಮಾಂಜಿಗೆ ಒಂದು ದೊಡ್ಡ ಗುಣ ಇದೆ. ತಲೆ ಸಣ್ಣದು, ಹೊಟ್ಟೆಯ ಜಾಗ ಸಣ್ಣದು, ಉಳಿದದ್ದೆಲ್ಲ ಮಾಂಸ. ಸಪೂರ ಮೀನಿಗಿಂತ ಕಡಿಮೆ ಕಸ. ಆದರೆ ಅಂಗೈಗಿಂತ ಸಣ್ಣ ಮಾಂಜಿ ಬೇಡ, ಬರೀ ಮುಳ್ಳು.

ಉಳಿದವು

ಕಾಣೆ ಸಪೂರ ಮೀನು, ಕೊಬ್ಬು 1 ಗ್ರಾಂ ಆಸುಪಾಸು, 100 ಗ್ರಾಂಗೆ 85 ಕ್ಯಾಲೊರಿ. ಜೀರ್ಣಕ್ಕೆ ಹಗುರ, ಜ್ವರ ಬಿಟ್ಟವರಿಗೆ ಕೊಡಬಹುದು. ಆದರೆ ನಾವೆಲ್ಲ ರವೆ ಹಚ್ಚಿ ಎಣ್ಣೆಯಲ್ಲಿ ಕರಿದೇ ತಿನ್ನುತ್ತೇವೆ, ಆಗ ಅದರ ಹಗುರತನ ಉಳಿಯುವುದಿಲ್ಲ. ತೆಳ್ಳಗಿನ ಸಾರು ಮಾಡಿ ನೋಡಿ.

ನಂಗ್ ಅಂಗೈಯುದ್ದದ ಚಪ್ಪಟೆ ಮೀನು, ಎರಡೂ ಕಣ್ಣು ಎಡಗಡೆ. ಮಳೆ ಮುಗಿದ ಮೇಲೆ ರಾಶಿ ಬರುತ್ತದೆ, ಅಗ್ಗ. ಚರ್ಮ ಸುಲಿದು, ತಲೆ ತೆಗೆದರೆ ಅರ್ಧ ಹೋಗಿರುತ್ತದೆ. ಅಗ್ಗ ಅಂತ ಕಂಡದ್ದು ತಕ್ಕಡಿಯಲ್ಲಿ ಅಷ್ಟು ಅಗ್ಗ ಅಲ್ಲ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಮಾತ್ರ ಇದರಷ್ಟು ಮೆತ್ತಗಿನ ಮೀನು ಇನ್ನೊಂದಿಲ್ಲ.

ಕೊಲ್ಲತರುವನ್ನು ನಾವು ಬಹಳ ಕಡೆಗಣಿಸಿದ್ದೇವೆ. 6ರಿಂದ 10 ಸೆಂ.ಮೀ. ಮೀನು, ತಲೆ ಚಿವುಟಿ ಉಳಿದದ್ದೆಲ್ಲ ತಿನ್ನುವುದು. ಮುಳ್ಳು ಹೊಟ್ಟೆಗೇ ಹೋಗುವುದರಿಂದ ಸುಣ್ಣದ ಅಂಶಕ್ಕೆ ಇದು ಎಲ್ಲಕ್ಕಿಂತ ಮೇಲೆ. ಬೆಳೆಯುವ ಮಕ್ಕಳು, ಮಂಡಿ ನೋವಿನ ಹೆಂಗಸರು ಇರುವ ಮನೆಗೆ ತಿಂಗಳಿಗೆ ಎರಡು ಸಲವಾದರೂ ಬರಲಿ. ಸೋಸುವುದು ಬೇಜಾರು ಅನ್ನುತ್ತಾರೆ, ಎರಡು ಜನ ಕೂತರೆ ಅರ್ಧ ಗಂಟೆ.

ಸಿಗಡಿಯಲ್ಲಿ ತಲೆ, ಸಿಪ್ಪೆ ಹೋದರೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಕೆಜಿ ಬೆಲೆಯನ್ನು ಎರಡರಿಂದ ಗುಣಿಸಿಯೇ ಯೋಚಿಸಿ.

ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ರೂಪಾಯಿ

ಬೆಲೆ ದಿನಾ ಬದಲಾಗುತ್ತದೆ, ಹಾಗಾಗಿ ದಾರಿ ಮಾತ್ರ ಹೇಳುತ್ತೇನೆ, ಅಂಕೆ ನೀವು ಹಾಕಿಕೊಳ್ಳಿ. ಬಂಗುಡೆ ಕೆಜಿಗೆ 200 ರೂಪಾಯಿ ಅಂದುಕೊಳ್ಳಿ. ತಿನ್ನುವ ಮಾಂಸ 550 ಗ್ರಾಂ. ಅದರಲ್ಲಿ ಐದನೇ ಒಂದು ಪಾಲು ಪ್ರೋಟೀನ್, 110 ಗ್ರಾಂ. 200 ಅನ್ನು 110ರಿಂದ ಭಾಗಿಸಿದರೆ ಗ್ರಾಂಗೆ 1 ರೂಪಾಯಿ 80 ಪೈಸೆ. ಬೂತಾಯಿ 150 ರೂಪಾಯಿ ಅಂದುಕೊಂಡು ಮಾಂಸ 500 ಗ್ರಾಂ, ಪ್ರೋಟೀನ್ 95 ಗ್ರಾಂ ಹಿಡಿದರೆ 1 ರೂಪಾಯಿ 60 ಪೈಸೆ. ಅಂಜಲ್ ತುಂಡು 900 ರೂಪಾಯಿ, ನಡುಮುಳ್ಳು ಬಿಟ್ಟು 850 ಗ್ರಾಂ, ಪ್ರೋಟೀನ್ 170 ಗ್ರಾಂ, ಅಂದರೆ 5 ರೂಪಾಯಿ 30 ಪೈಸೆ. ಮೂರು ಪಟ್ಟು.

60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಎರಡು ಹದದ ಬಂಗುಡೆ ತಿಂದರೆ ಅದರಲ್ಲಿ 20 ಗ್ರಾಂ ಬಂದಿರುತ್ತದೆ. ತೋಟದ ಕೆಲಸದವರ ಮನೆಯಲ್ಲಿ, ಲೈನ್ ಮನೆಗಳಲ್ಲಿ ಬೂತಾಯಿ ಅಂದರೆ ಬಡವರ ಮೀನು ಅಂತ ಯಾರೋ ಹೇಳಿದ ಮಾತಿಗೆ ನಾಚಿಕೊಳ್ಳುವುದನ್ನು ಕಂಡಾಗ ನನಗೆ ನೋವಾಗುತ್ತದೆ. ತಟ್ಟೆಯಲ್ಲಿ ಇಟ್ಟು ತೂಗಿದರೆ ಅವರ ಊಟವೇ ಮೇಲು.

ಮಳೆಗಾಲದ ಎರಡು ತಿಂಗಳು

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಕೇರಳದಲ್ಲಿ ಟ್ರಾಲರ್‌ಗಳಿಗೆ ಜೂನ್ 9ರ ರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಅರ್ಧ ಕಳೆದ ಮೇಲೆ ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ದೊಡ್ಡ ಮೀನು ರಾಶಿ ಬಿದ್ದಿದ್ದರೆ ಅದು ತಮಿಳುನಾಡಿನಿಂದ ಐಸಿನಲ್ಲಿ ಬಂದದ್ದು, ಇಲ್ಲಾ ಕೋಲ್ಡ್ ಸ್ಟೋರೇಜಿನದ್ದು ಇರಬಹುದು. ಕೆಟ್ಟದ್ದು ಅಂತಲ್ಲ, ಎರಡು ದಿನ ಹಳೆಯದು ಅಂತ ತಿಳಿದು ಆರಿಸಿ. ಆ ಕಾಲಕ್ಕೆ ಕೊಬ್ಬು ಕಡಿಮೆ ಇರುವ ಮೀನು ತಡೆಯುತ್ತದೆ, ಬೂತಾಯಿ ಬಂಗುಡೆ ತಡೆಯುವುದಿಲ್ಲ. ಕೊಬ್ಬಿನ ಮೀನು ಬೇಗ ಕಮಟು ಹಿಡಿಯುತ್ತದೆ.

ನಾನು ಆ ಎರಡು ತಿಂಗಳು ಒಣಮೀನಿಗೆ ಹೋಗುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲೇ ತಂದು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳವರೆಗೆ ಬರುತ್ತದೆ. ನೀರು ಹೋಗಿರುವುದರಿಂದ 100 ಗ್ರಾಂಗೆ 50 ಗ್ರಾಂ ದಾಟಿ ಪ್ರೋಟೀನ್. ಆದರೆ ಉಪ್ಪು ವಿಪರೀತ. ಬಿ.ಪಿ. ಇರುವವರು ಎರಡು ಸಲ ಬಿಸಿ ನೀರಿನಲ್ಲಿ ನೆನೆಸಿ ತೊಳೆದರೂ ಸ್ವಲ್ಪವೇ ತಿನ್ನಿ. ಗದ್ದೆಯ ಕೊಯಿಲೆ ಮೀನು ಸಿಕ್ಕವರು ಪುಣ್ಯವಂತರು, ಅದರ ಮುಂದೆ ನಾನು ಯಾವ ಕಡಲ ಮೀನನ್ನೂ ಹೋಲಿಸುವುದಿಲ್ಲ.

ಘಟ್ಟ ಹತ್ತಿದ ಮೀನು ಹೇಗಿರಬೇಕು

ನಾಲ್ಕು ವರ್ಷದ ಹಿಂದೆ ದಾರಿಬದಿಯ ಒಂದು ಗಾಡಿಯಿಂದ ಬಂಗುಡೆ ತಂದಿದ್ದೆ. ಮಧ್ಯಾಹ್ನ ಹನ್ನೆರಡು ಗಂಟೆ, ಐಸು ಕರಗಿ ನೀರಾಗಿತ್ತು. ವಾಸನೆ ಏನೂ ಇರಲಿಲ್ಲ. ಊಟವಾಗಿ ಅರ್ಧ ಗಂಟೆಗೆ ನನ್ನ ಮುಖ ಕೆಂಪಾಯಿತು, ಎದೆ ಮೇಲೆ ದದ್ದು, ತಲೆ ಸಿಡಿಯುವ ನೋವು. ಮಗಳಿಗೂ ಹಾಗೇ. ಮೀನಿನ ಅಲರ್ಜಿ ಅಂದುಕೊಂಡು ಆಸ್ಪತ್ರೆಗೆ ಹೋದರೆ ಡಾಕ್ಟರು ಬೇರೆ ಮಾತು ಹೇಳಿದರು. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಜಾತಿಯ ಮೀನಿನಲ್ಲಿ ಹಿಸ್ಟಿಡಿನ್ ಅನ್ನುವುದು ಜಾಸ್ತಿ. ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ, ದದ್ದು, ತಲೆನೋವು ತರುವುದು ಅದೇ. ಒಮ್ಮೆ ಆದ ಮೇಲೆ ಕುದಿಸಿದರೂ ಕರಿದರೂ ಹೋಗುವುದಿಲ್ಲ. ಕಾಚಂಪುಳಿ ಹಾಕಿದರೂ ಹೋಗುವುದಿಲ್ಲ, ಹುಳಿ ವಾಸನೆಯನ್ನು ಮುಚ್ಚುತ್ತದೆ ಅಷ್ಟೇ.

ಅವತ್ತಿನಿಂದ ನಾನು ಮೊದಲು ನೋಡುವುದು ಮೀನನ್ನಲ್ಲ, ಐಸನ್ನು. ಮೀನಿನಷ್ಟೇ ತೂಕದ ಐಸು ಇರಬೇಕು, ಮೇಲೆ ಕೆಳಗೆ ಎರಡೂ ಕಡೆ. ಆಮೇಲೆ ಕಣ್ಣು ಉಬ್ಬಿದೆಯಾ, ಕಿವಿರು ಕೆಂಪಗಿದೆಯಾ. ಆಮೇಲೆ ಬೆನ್ನನ್ನು ಬೆರಳಿನಿಂದ ಒತ್ತುವುದು, ಗುಳಿ ನಿಲ್ಲಬಾರದು. ಬೂತಾಯಿಯಾದರೆ ಹೊಟ್ಟೆ ಒಡೆದಿರಬಾರದು. ಸಣ್ಣ ಬಂಗುಡೆಯನ್ನು ತಲೆಯ ಕಡೆ ಹಿಡಿದು ಅಡ್ಡ ಮಾಡಿದರೆ ಬಾಲ ಬಾಗದೆ ನೆಟ್ಟಗೆ ನಿಲ್ಲುವುದು ತಾಜಾ.

2018ರಲ್ಲಿ ಕೇರಳದಲ್ಲಿ ಕೆಡದಂತೆ ಇಡುವ ರಾಸಾಯನಿಕ ಫಾರ್ಮಾಲಿನ್ ಹಾಕಿದ ಮೀನು ಲೋಡುಗಟ್ಟಲೆ ಸಿಕ್ಕಿಬಿದ್ದದ್ದು ನೆನಪಿರಬಹುದು. ಆಗ ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮೀನಿಗೆ ಒರೆಸಿ ನೋಡುವ ಕಾಗದದ ಪಟ್ಟಿಯನ್ನೇ ಮಾಡಿದ್ದರು. ಐಸಿಲ್ಲದೆ ಎರಡು ದಿನ ಇದ್ದರೂ ನೊಣ ಕೂರದ, ಮೈ ಮರಗಟ್ಟಿದ, ಕಣ್ಣು ಮಾತ್ರ ಒಳಗೆ ಹೋದ ಮೀನು ಕಂಡರೆ ಸುಮ್ನೆ ಮುಂದೆ ಹೋಗಿ.

ಯೂರಿಕ್ ಆಸಿಡ್ ಜಾಸ್ತಿ ಇದ್ದು ಕಾಲ ಹೆಬ್ಬೆರಳು ಊದುವವರು ಬೂತಾಯಿ, ಬಂಗುಡೆ, ಕೊಲ್ಲತರು ಕಡಿಮೆ ಮಾಡಬೇಕು. ಅವರಿಗೆ ಮಾತ್ರ ನಾನು ಇದುವರೆಗೆ ಹೇಳಿದ್ದು ಹೊಂದುವುದಿಲ್ಲ, ಡಾಕ್ಟರನ್ನು ಕೇಳಿ ಆರಿಸಲಿ.

ಬೇಯಿಸುವಾಗ ಬಂಗುಡೆಯ ಚರ್ಮ ತೆಗೆಯಬೇಡಿ, ಹೊಟ್ಟೆಯ ತೆಳು ಪಟ್ಟಿ ಬಿಸಾಡಬೇಡಿ, ನಡುಮುಳ್ಳಿನ ಪಕ್ಕದ ಕಪ್ಪು ಮಾಂಸ ಬಿಡಬೇಡಿ. ಕೊಬ್ಬು ಮೊದಲ ಎರಡರಲ್ಲಿ, ಕಬ್ಬಿಣದ ಅಂಶ ಮೂರನೆಯದರಲ್ಲಿ. ಜಾಸ್ತಿ ಎಣ್ಣೆಯಲ್ಲಿ ಕರಿದರೆ ಮೀನಿನ ಒಳ್ಳೆ ಕೊಬ್ಬು ಬಾಣಲೆಗೆ ಹೋಗಿ ಬಾಣಲೆಯ ಎಣ್ಣೆ ಮೀನಿಗೆ ಬರುತ್ತದೆ. ಸಾರಿನಲ್ಲಾದರೆ ಬಿಟ್ಟ ಕೊಬ್ಬು ಸಾರಿನಲ್ಲೇ ಇರುತ್ತದೆ, ಅದನ್ನು ಅನ್ನಕ್ಕೋ ಕಡಂಬಿಟ್ಟಿಗೋ ಕಲಸಿ ತಿನ್ನುತ್ತೇವೆ.

ಈ ಶುಕ್ರವಾರ ಮಡಿಕೇರಿ ಸಂತೆಗೆ ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. "ಇಕ್ಕಾ (ಅಣ್ಣಾ), ಒಂದು ಮೀನು ಕೈಗೆ ಕೊಡಿ" ಅಂತ ಕೇಳಿ. ಇದುವರೆಗೆ ನನಗೆ ಯಾರೂ ಇಲ್ಲ ಅಂದಿಲ್ಲ. ಗೇಣು ಹಿಡಿದು, ಮೂರು ಬೆರಳು ಅಡ್ಡ ಇಟ್ಟು ನೋಡಿ, ಆಮೇಲೆ ಕೆಜಿಗೆ ಎಷ್ಟು ಮೀನು ಬರುತ್ತದೆ ಅಂತ ಕೇಳಿ, ಕೊನೆಗೆ ಬೆಲೆ. ಮನೆಯಿಂದ ಹೊರಡುವಾಗ ಮುಚ್ಚಳ ಇರುವ ಸ್ಟೀಲ್ ಡಬ್ಬ ಒಯ್ಯಿರಿ, ಎರಡು ಹಿಡಿ ಐಸನ್ನು ಅದರಲ್ಲೇ ಹಾಕಿಸಿಕೊಳ್ಳಿ. ನಾಪೋಕ್ಲು, ಭಾಗಮಂಡಲ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಅದು ಬೇಕೇ ಬೇಕು.